ಒಳಗಿನ ಚಿಕ್ಕಮ್ಮ

ಮನೆಯಿಂದ ಹೊರಬಿದ್ದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಬಂದು ನೋಡುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಕಟಿಂಗಕ್ಕ ಎರಡೆರಡು ಸಲ ಬಂದು ನೋಡುವ ಪೈಕಿ. ಮೊದಲನೆಯ ಸಲ ಒಲೆ ನೋಡಿ ಹೋಗುತ್ತಾಳೆ. ಬೀದಿಯ ತಿರುವು ಮುಟ್ಟುವಷ್ಟರಲ್ಲಿ, ಒಲೆಯನ್ನೇನೋ ನೋಡಿದೆ, ಸಿಲಿಂಡರಿನ ತಿರುಪು ನೋಡಿದೆನೇ ಎಂಬ ಹುಳ ತಲೆಗೆ ಹೊಕ್ಕು ಮತ್ತೆ ತಿರುಗುತ್ತಾಳೆ. ಒಳಗೆ ಕಿಟಕಿಯ ಪಕ್ಕದಲ್ಲಿ ಎಂಬತ್ತರ ಹತ್ತಿರ ಬಂದ ಚಿಕ್ಕಮ್ಮ ಎರಡೂ ಕಣ್ಣು ಬಿಟ್ಟುಕೊಂಡು ಕೂತಿರುತ್ತಾಳೆ, ಮೂಗೂ ಚುರುಕಾಗಿಯೇ ಇದೆ, ಆದರೂ. ಇನ್ನೂ ಹೋಗಲಿಲ್ಲವೇನೇ ಎಂದು ಚಿಕ್ಕಮ್ಮ ಕೇಳಿದರೆ, ಕರ್ಚೀಫ್ ಮರೆತಿದ್ದೆ ಎನ್ನುತ್ತಾಳೆ. ಆ ಲೆಕ್ಕದಲ್ಲಿ ಅವಳಷ್ಟು ಕರ್ಚೀಫ್ ಮರೆಯುವ ಹೆಂಗಸು ಊರಿನಲ್ಲಿ ಇನ್ನೊಬ್ಬಳಿಲ್ಲ.

ವಯಸ್ಸು ಐವತ್ತು ದಾಟಿದೆ. ಸಮವಸ್ತ್ರ ಹೊಲಿಯುವ ವರ್ಕ್‌ಶಾಪೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಟಿಂಗಕ್ಕ. ಆಸ್ಪತ್ರೆಯವರ ಬಿಳಿ ಕೋಟು, ಶಾಲೆಯ ಮಕ್ಕಳ ಅಂಗಿ, ಬಸ್ಸಿನವರ ಪ್ಯಾಂಟು, ಎಲ್ಲವೂ ಮೊದಲು ಅವಳ ಮೇಜಿನ ಮೇಲೆ ಮೈಚಾಚಿ ಮಲಗಿ ಎದ್ದು, ಆಮೇಲೆ ಮಷೀನುಗಳ ಕಡೆ ಹೋಗಬೇಕು. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಿಕ್ಕಾಗದು. ಹೀಗಾಗಿ ಈ ಕೆಲಸಕ್ಕೆ ಸ್ವಲ್ಪ ಹೆದರುವವರೇ ಸರಿ. ಕಟಿಂಗಕ್ಕ ಅಳೆದು, ಚಾಕಿನಲ್ಲಿ ಗೆರೆ ಎಳೆದು, ಮತ್ತೊಮ್ಮೆ ಅಳೆದು, ಹೊಲಿಗೆಯ ಒಳಗೆ ಬಿಡಬೇಕಾದ ಮಾರ್ಜಿನ್ನಿಗಿಂತ ಒಂದು ಬೆರಳಗಲ ಹೆಚ್ಚಿಗೇ ಬಿಡುತ್ತಾಳೆ. ಅಕ್ಕ ಕತ್ತರಿಸಿದ ಕೋಟಿನೊಳಗೆ ಇನ್ನೊಂದು ಕೋಟು ಇರುತ್ತದೆ ಎಂದು ಮಷೀನಿನ ಹೆಂಗಸರು ಗೊಣಗುತ್ತಾರೆ. ಮಕ್ಕಳು ದಿನದಿನಕ್ಕೂ ಬೆಳೆಯುವ ಮನೆಗಳವರು ಮಾತ್ರ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡು ಅವಳನ್ನು ಹರಸುತ್ತಾರೆ.

ನಿಜ ಹೇಳಬೇಕೆಂದರೆ ಅವಳಿಗಿದ್ದದ್ದು ಇಬ್ಬರು ಚಿಕ್ಕಮ್ಮಂದಿರು. ಒಬ್ಬಳು ಕಿಟಕಿಯ ಪಕ್ಕ ಕೂತು ಮಂಡಿಗೆ ಮುಲಾಮು ತಿಕ್ಕಿಕೊಳ್ಳುವವಳು. ಇನ್ನೊಬ್ಬಳು ಕಟಿಂಗಕ್ಕನ ಎದೆಯೊಳಗೆ, ಪಕ್ಕೆಲುಬಿನ ಹಿಂದೆ ಎಲ್ಲೋ, ಖಾಯಂ ಆಗಿ ಠಿಕಾಣಿ ಹೂಡಿದವಳು. ದನಿ ಮಾತ್ರ ಒಂದೇ. ಒಳಗಿನವಳದು ಕಿಟಕಿಯವಳ ಪ್ರಾಯದ ದಿನಗಳ ದನಿ, ಅವಸರದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಆಡಿದ ಮಾತಿನಂಥದ್ದು. ತಾಯಿ ತೀರಿಕೊಂಡಾಗ ಕಟಿಂಗಕ್ಕ ಇನ್ನೂ ಚಿಕ್ಕ ಹುಡುಗಿ. ಮದುವೆಯಾಗದಿದ್ದ ಚಿಕ್ಕಮ್ಮ, ಸೋಪಿನ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು, ಅಕ್ಕನ ಮಗಳ ಕೈ ಹಿಡಿದು ದೊಡ್ಡ ರಸ್ತೆಯ ಮೇಲಿನ ಬಾಡಿಗೆ ಕೋಣೆಗೆ ಕರೆತಂದಳು. ಸ್ಕೂಲಿಲ್ಲದ ಹೊತ್ತಿನಲ್ಲೆಲ್ಲ ಮಗು ಒಂಟಿ. ಬಾಗಿಲು ತೆಗೀಬೇಡ, ಒಲೆ ಮುಟ್ಟಬೇಡ, ಯಾರು ಏನು ಕೊಟ್ಟರೂ ಬೇಡ ಅನ್ನು, ನಾನು ಬರುವವರೆಗೆ ಕಿಟಕಿಯಿಂದ ಬಗ್ಗಬೇಡ. ದಿನಾ ಬೆಳಿಗ್ಗೆ ಈ ಬೇಡಗಳನ್ನು ಒಪ್ಪಿಸಿಯೇ ಚಿಕ್ಕಮ್ಮ ಮೆಟ್ಟಿಲಿಳಿಯುತ್ತಿದ್ದದ್ದು. ಆ ಬೇಡಗಳು ಒಂದೂ ಬಿಡದಂತೆ ಮಗುವಿನ ಒಳಗಿಳಿದವು, ಮಗು ದೊಡ್ಡದಾದರೂ ಮೇಲೆದ್ದು ಬರಲಿಲ್ಲ.

ಒಳಗಿನವಳನ್ನು ಬಾಯಿಗೆ ಬಂದಂತೆ ಬೈದುಬಿಡುವುದು ಸುಲಭ. ಹಾಗೆ ಮಾಡಿದರೆ ಅನ್ಯಾಯವಾದೀತು. ಕಟಿಂಗಕ್ಕನಿಗೆ ಚಿಕ್ಕ ವಯಸ್ಸಿನಲ್ಲೇ ಒಂದು ಮದುವೆಯಾಗಿತ್ತು. ಗಂಡ ನಾಲ್ಕು ಜನರೆದುರು ಬಹಳ ಮೆದು ಮಾತಿನವನು. ಮನೆಯಲ್ಲಿ ಸಿಟ್ಟು ಬಂದರೆ ಮೊದಲು ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿ ಬರುವವನು, ಮಾತು ಆಮೇಲೆ. ಅವನು ಕೈಯೆತ್ತಿರಲಿಲ್ಲ ಇನ್ನೂ. ಆದರೆ ಆ ಚಿಲಕದ ಸದ್ದು ಕೇಳಿದಾಗಲೆಲ್ಲ ಒಳಗಿನವಳು ಹೊರಡು, ಈಗಲೇ ಹೊರಡು ಎಂದು ಜೀವ ತಿನ್ನುತ್ತಿದ್ದಳು. ಒಂದು ಮಧ್ಯಾಹ್ನ ಕಟಿಂಗಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟು ಚಿಕ್ಕಮ್ಮನ ಕೋಣೆಗೆ ಬಂದುಬಿಟ್ಟಳು. ಏನು ಮಾಡಿದ ಎಂದು ಕೇಳಿದವರಿಗೆ ಹೇಳಲು ಅವಳ ಬಳಿ ಚಿಲಕದ ಹೊರತು ಬೇರೇನೂ ಇರಲಿಲ್ಲ, ಜನ ನಕ್ಕರು. ಅವನು ಮುಂದೆ ಕಟ್ಟಿಕೊಂಡವಳು ಮುರಿದ ದವಡೆ ಹೊತ್ತು ಆಸ್ಪತ್ರೆ ಸೇರಿದ ಮೇಲೆ ಯಾರೂ ನಗಲಿಲ್ಲ. ವರ್ಕ್‌ಶಾಪಿನಲ್ಲಿಯೂ ಹಾಗೆಯೇ, ಒಂದು ದಿನ ಸುಟ್ಟ ವಾಸನೆ ಎಂದು ಇವಳೊಬ್ಬಳೇ ಹಟ ಹಿಡಿದು ಮೇನ್ ಸ್ವಿಚ್ಚು ಆರಿಸಿದಳು, ಕೆಲಸ ಕೆಟ್ಟಿತೆಂದು ಎಲ್ಲರೂ ರೇಗಿದರು. ಎಲೆಕ್ಟ್ರಿಷಿಯನ್ ಗೋಡೆ ಬಿಚ್ಚಿದಾಗ ವೈರು ಕರಗಿ ನೀರಾಗಿತ್ತು. ಒಳಗಿನವಳು ಇಷ್ಟು ಸಲ ಗೆದ್ದ ಮೇಲೆ ಅವಳ ಮಾತಿಗೆ ಎದುರಾಡುವ ಧೈರ್ಯ ಯಾರಿಗಿರುತ್ತದೆ?

ತೊಂದರೆ ಏನೆಂದರೆ, ಅವಳಿಗೆ ಚಿಲಕಕ್ಕೂ ಚಹಾ ಲೋಟಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಗೆಳತಿಯರು ಎರಡು ದಿನ ಸಮುದ್ರ ನೋಡಿ ಬರೋಣ ಎಂದರೆ, ಬೇಡ, ಅಲೆ. ಯಜಮಾನರು ಇನ್ನೊಂದು ಬೀದಿಯಲ್ಲಿ ತೆರೆದ ವರ್ಕ್‌ಶಾಪನ್ನು ನೀನೇ ನೋಡಿಕೋ ಎಂದರೆ, ಬೇಡ, ತಪ್ಪಾದರೆ ತಲೆಗೆ ಬರುತ್ತದೆ. ಎದುರು ಮನೆಗೆ ಬಂದ ಹೊಸಬರು ಊಟಕ್ಕೆ ಕರೆದರೆ, ಬೇಡ, ಅವರು ಯಾರೋ ಏನೋ. ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು ಕಾದು ಕಟಿಂಗಕ್ಕ ಕಾಪಾಡಿಕೊಂಡದ್ದು ಏನನ್ನು ಎಂದು ಕೇಳಿದರೆ ಹೇಳುವುದು ಕಷ್ಟ. ಒಂದು ಮೇಜು, ಒಂದು ಕತ್ತರಿ, ಎರಡು ಕೋಣೆಯ ಮನೆ. ಸಂಜೆ ಮನೆಗೆ ಬಂದು ಕೂತರೆ ಹೆಗಲು ಕಲ್ಲಾಗಿರುತ್ತಿತ್ತು. ಬಟ್ಟೆ ಕತ್ತರಿಸಿ ಬಂದ ದಣಿವಲ್ಲ ಅದು, ಅದು ಅವಳಿಗೂ ಗೊತ್ತಿತ್ತು. ದಿನವಿಡೀ ಕಾವಲು ನಿಂತ ದಣಿವು, ಮಲಗಿದರೆ ಹೋಗುವಂಥದ್ದಲ್ಲ.

ಇಂಥವಳ ಮೇಜಿನ ಬೆನ್ನಿಗೇ ಇಸ್ತ್ರಿಯಣ್ಣನ ಮೇಜು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದ, ಮಕ್ಕಳಿಲ್ಲದ, ಕೂದಲು ಅರ್ಧ ನೆರೆತ ಮನುಷ್ಯ. ಹೊಲಿದು ಬಂದ ಬಟ್ಟೆಗೆ ನೀರು ಚಿಮುಕಿಸಿ, ಕಾಲರು ಮೊದಲು, ತೋಳು ಆಮೇಲೆ, ಬೆನ್ನು ಕೊನೆಗೆ ಎಂದು ಆರಾಮಾಗಿ ಇಸ್ತ್ರಿ ತಿಕ್ಕುತ್ತಾನೆ. ಮಡಿಕೆ ಕೂರದ ಬಟ್ಟೆಗೆ "ಸುಮ್ನಿರು ಮರೀ, ಆಯ್ತು" ಎಂದು ಸಮಾಧಾನ ಹೇಳುತ್ತಾನೆ. ಹಬೆಯ ಆಚೆಯಿಂದ ಆ ಮಾತು ಕೇಳಿದಾಗಲೆಲ್ಲ ಕಟಿಂಗಕ್ಕನ ಹೆಗಲು ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು. ಎಲ್ಲರಂತೆ ಅವಳೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದವಳು, ಯಾವಾಗಲೋ ಒಂದು ದಿನ ಅಣ್ಣ ಎನ್ನುವುದು ನಿಂತುಹೋಗಿ, ರೀ, ಈ ಕೋಟು ತಗೊಳ್ಳಿ, ರೀ, ಚಹಾ ಬಂತು ಎಂದಾಯಿತು. ನಮ್ಮ ಭಾಷೆಯಲ್ಲಿ ರೀ ಎಂದು ಅಂಗಡಿಯವನನ್ನೂ ಕರೆಯಬಹುದು, ಕಟ್ಟಿಕೊಂಡವನನ್ನೂ ಕರೆಯಬಹುದು. ಇದು ಎರಡನೆಯ ರೀ ಎಂದು ಮೊದಲು ಪತ್ತೆ ಹಚ್ಚಿದವಳು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವ ಕಾಜಾದವಳು. ಅವಳ ಕಣ್ಣು ಸೂಜಿಯ ಕಣ್ಣಿಗಿಂತ ಚಿಕ್ಕದನ್ನೂ ಕಾಣಬಲ್ಲದು.

ಮಷೀನುಗಳು ನಿಂತು ಎಲ್ಲರೂ ಚಹಾಕ್ಕೆಂದು ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಇಸ್ತ್ರಿಯಣ್ಣ ಕೋಟೊಂದನ್ನು ಮಡಚುತ್ತ, ತಲೆಯೆತ್ತದೆ, ನಾವಿಬ್ಬರೂ ಮದುವೆ ಮಾಡಿಕೊಂಡು ಒಂದೇ ಮನೆಯಲ್ಲಿ ಇರಬಹುದಲ್ಲವೇ ಎಂದು ಕೇಳಿದ. ಬಣ್ಣ ಹಚ್ಚಿದ ಮಾತಿಲ್ಲ, ಪೀಠಿಕೆಯಿಲ್ಲ. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತದ್ದು ಕಟಿಂಗಕ್ಕನಿಗೇ ಗೊತ್ತಾಯಿತು. ಅದನ್ನು ಹಲ್ಲು ಕಚ್ಚಿ ಹಿಂದಕ್ಕೆ ನೂಕಿ, ಬದುಕಿನಲ್ಲಿ ಮೊದಲ ಸಲ ಒಳಗಿನವಳ ಮಾತು ಮೀರಿ, ಅವಳು ಹೇಳಿದಳು:

"ನೋಡೋಣ."

ಹೇಳಿ, ಬೆಟ್ಟ ಹತ್ತಿ ಇಳಿದವಳಂತೆ ಏದುಸಿರು ಬಿಟ್ಟಳು. ಇಡೀ ಸಂಜೆ ಮೈಯೆಲ್ಲ ಹಗುರವಾಗಿತ್ತು. ಅಷ್ಟು ದೊಡ್ಡ ಮಾತು ಆಡಿದ್ದಳು ಅವಳು.

ಪಾಪ, ಆ ಮಾತಿನ ಗತಿ ಅವಳಿಗೆ ಹೊಳೆಯಲಿಲ್ಲ. ನಮ್ಮಲ್ಲಿ ನೋಡೋಣ ಎಂದರೆ ಏನೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬೊಂಬೆ ಬೇಕೆಂದು ಅಳುವ ಮಗುವಿಗೆ ನೋಡೋಣ. ಗೃಹಪ್ರವೇಶಕ್ಕೆ ಬನ್ನಿ ಎಂದ ಬೇಡದ ನೆಂಟರಿಗೆ ನೋಡೋಣ. ಕೆಲಸ ಕೇಳಿಕೊಂಡು ಬಂದವನಿಗೆ ನೋಡೋಣ. ಇಲ್ಲ ಎನ್ನಲು ಮನಸ್ಸು ಬಾರದಿದ್ದಾಗ ಇಲ್ಲ ಎನ್ನುವ ರೀತಿ ಅದು, ಕೇಳಿದವರು ಮುಖ ಕೆಡದಂತೆ ಎದ್ದುಹೋಗಲು ತೆರೆದಿಟ್ಟ ಬಾಗಿಲು. ಇಸ್ತ್ರಿಯಣ್ಣ ಮರ್ಯಾದಸ್ಥ. ಸರಿ ಎಂದು ತಲೆಯಾಡಿಸಿ, ಆ ಬಾಗಿಲಿನಿಂದ ಸದ್ದಿಲ್ಲದೆ ಎದ್ದುಹೋದ. ಮತ್ತೆ ಆ ಮಾತೆತ್ತಲಿಲ್ಲ.

ಇವಳೋ, ನೋಡೋಣ ಎಂದ ಮೇಲೆ ನಿಜವಾಗಿಯೂ ನೋಡತೊಡಗಿದಳು. ಅವನು ಎಷ್ಟು ಕೆಮ್ಮುತ್ತಾನೆ, ಊಟ ಬಿಟ್ಟು ಕೆಲಸ ಮಾಡುತ್ತಾನೆಯೇ, ಕಾಲರು ಸುಟ್ಟ ದಿನ ಯಾರ ಮೇಲಾದರೂ ಹಾಯುತ್ತಾನೆಯೇ, ಯಜಮಾನರು ರೇಗಿದರೆ ಆ ಸಿಟ್ಟನ್ನು ಎಲ್ಲಿ ಇಳಿಸುತ್ತಾನೆ, ಎಲ್ಲವನ್ನೂ ಬಟ್ಟೆಯ ಗೆರೆ ನೋಡುವ ಕಣ್ಣಿನಿಂದಲೇ ನೋಡಿದಳು. ಒಳಗಿನವಳು ಪಕ್ಕದಲ್ಲೇ ನಿಂತು, ಅದನ್ನೂ ನೋಡು, ಇದನ್ನೂ ನೋಡು ಎಂದು ತೋರಿಸುತ್ತಿದ್ದಳು. ಒಂದು ನೋಡಿದರೆ ಇನ್ನೊಂದು ಉಳಿದಿರುತ್ತಿತ್ತು. ಅವನು ಇನ್ನೊಮ್ಮೆ ಕೇಳಲಿ, ಆಗ ಹೂಂ ಎನ್ನುತ್ತೇನೆ ಎಂದು ಒಂದು ದಿನ ತನಗೆ ತಾನೇ ಹೇಳಿಕೊಂಡಳು. ಅವನು ಕೇಳಲಿಲ್ಲ. ಮಾತು ಕಡಿಮೆ ಮಾಡಿದ, ಚಹಾ ಲೋಟವನ್ನು ಅವಳ ಮೇಜಿನ ಅಂಚಿನಲ್ಲಿ ಇಟ್ಟು ಆಚೆ ಹೋಗುತ್ತಿದ್ದ. ನೋಡಿದ್ಯಾ, ಇಷ್ಟೇ ಅವನ ಪ್ರೀತಿ ಎಂದಳು ಒಳಗಿನವಳು. ಹೀಗೆ ತಿಂಗಳುಗಳೇ ಉರುಳಿದವು.

ಒಂದು ಬುಧವಾರ ಯಜಮಾನರು ಬಂದು, ಇಸ್ತ್ರಿಯಣ್ಣ ಶನಿವಾರ ಕೆಲಸ ಬಿಡುತ್ತಾರೆ, ಸೋಮವಾರದಿಂದ ಬೇರೆಯವರು ಬರುತ್ತಾರೆ ಎಂದು ಎಲ್ಲರಿಗೂ ತಿಳಿಸಿದರು. ಯಾವುದೋ ದೂರದ ಊರಿನಲ್ಲಿ ಅವನ ತಮ್ಮ ಲಾಂಡ್ರಿ ಹಾಕಿದ್ದಾನಂತೆ, ಅಲ್ಲಿಗೆ ಹೋಗುತ್ತಾನಂತೆ. ಮಷೀನಿನ ಹೆಂಗಸರು ಅಯ್ಯೋ ಎಂದರು. ಕಟಿಂಗಕ್ಕ ಗೆರೆ ಎಳೆಯುತ್ತಲೇ ಇದ್ದಳು, ಆ ಗೆರೆ ಬಟ್ಟೆಯನ್ನು ದಾಟಿ ಮೇಜಿನ ಮರದ ಮೇಲೂ ಹೋಯಿತು.

ಕಾಜಾದವಳಿಗೆ ಅದೂ ಕಂಡಿತು. ಶುಕ್ರವಾರ ಊಟದ ಹೊತ್ತಿನಲ್ಲಿ ಅವಳು ಕಟಿಂಗಕ್ಕನನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋದಳು. ತಾನು ಬಾಯಿಬಿಡಿಸಿ ಕೇಳಿದೆನೆಂದೂ, ಇಸ್ತ್ರಿಯಣ್ಣ ಹೀಗೆಂದನೆಂದೂ ಹೇಳಿದಳು. ಅವರು ನೋಡೋಣ ಅಂದರು, ಬೇಡ ಅನ್ನಲು ಬಾಯಿ ಬಾರದೆ ಹಾಗಂದಿದ್ದಾರೆ, ದಿನವೂ ಬೆನ್ನ ಹಿಂದೆ ನಿಂತು ಅವರಿಗೆ ಮುಜುಗರ ಮಾಡುವುದು ಬೇಡ, ಅದಕ್ಕೇ ತಮ್ಮ ಕರೆದ ಕೂಡಲೇ ಒಪ್ಪಿಕೊಂಡೆ. ಇಷ್ಟು ಹೇಳಿ ಕಾಜಾದವಳು ಕೇಳಿದಳು:

"ಅಲ್ಲಾ, ನೋಡೋಣ ಅಂದ್ರೆ ಬೇಡ ಅಂತ ತಾನೆ?"

ಕಟಿಂಗಕ್ಕನಿಗೆ ಆಗ ಹೊಳೆಯಿತು. ಹೌದಲ್ಲ. ಊರಿಗೆಲ್ಲ ಅದರ ಅರ್ಥ ಅದೇ. ತಾನು ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಭಾಷೆಯಲ್ಲಿ ತನ್ನ ಮಾತಿಗೆ ತಾನೊಬ್ಬಳೇ ಬೇರೆ ಅರ್ಥ ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಳಿಸುತ್ತಿರುವವರು ಬೇರೆ ಯಾರೂ ಅಲ್ಲ, ತಾನೇ. ಅಳು ಬಂತು. ಊಟದ ಡಬ್ಬಿಯ ಮುಚ್ಚಳ ಹಾಕಿ ಎದ್ದುಬಿಟ್ಟಳು.

ಆ ಸಂಜೆ ಮನೆಗೆ ನಡೆದು ಬರುವ ದಾರಿಯುದ್ದಕ್ಕೂ ಒಳಗಿನವಳು ಒಂದೇ ಸಮನೆ ಮಾತಾಡಿದಳು. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಬಿಡು. ಈ ವಯಸ್ಸಿನಲ್ಲಿ ಜನ ಆಡಿಕೊಳ್ಳುತ್ತಾರೆ. ಅವನಿಗೆ ಕಾಯಿಲೆ ಬಿದ್ದರೆ ಯಾರು ನೋಡಬೇಕು, ನಿನಗೆ ಬಿದ್ದರೆ ಅವನು ನೋಡುತ್ತಾನೆಂದು ಏನು ಭರವಸೆ. ಮೊದಲನೆಯವನೂ ಮೆದುವಾಗಿಯೇ ಮಾತಾಡುತ್ತಿದ್ದ. ಇದಿಷ್ಟೂ ಸುಳ್ಳಲ್ಲ, ಅದೇ ಕಷ್ಟ. ಆದರೆ ಕಟಿಂಗಕ್ಕನಿಗೆ ಅವತ್ತು ಸಾಕಾಗಿಹೋಗಿತ್ತು. ರಸ್ತೆ ಬದಿಯ ಕಟ್ಟೆಯ ಮೇಲೆ ಚೀಲ ಇಟ್ಟು ಕೂತು, ಸುಸ್ತಾಗಿದೆ ಕಣೇ, ಸ್ವಲ್ಪ ಹೊತ್ತು ಬಾಯಿ ಮುಚ್ಚು ಎಂದು ಗಟ್ಟಿಯಾಗಿಯೇ ಹೇಳಿದಳು. ದಾರಿಹೋಕನೊಬ್ಬ ತನಗೇ ಹೇಳಿದಳೆಂದು ಬೆಚ್ಚಿ ಮೊಬೈಲಿನಲ್ಲಿ ಆಡುತ್ತಿದ್ದ ಮಾತು ನಿಲ್ಲಿಸಿ ಸರಸರನೆ ನಡೆದುಹೋದ.

ಮನೆಯಲ್ಲಿ ಚಿಕ್ಕಮ್ಮ ಇವಳ ಮುಖ ನೋಡಿದವಳೇ ಮುಲಾಮಿನ ಡಬ್ಬಿ ಕೆಳಗಿಟ್ಟಳು. ಅವಳಿಗೆ ಒಂದು ಕಿವಿ ಮಂದ, ಕೇಳಿಸುವ ಕಿವಿಯ ಕಡೆಗೆ ಕಟಿಂಗಕ್ಕ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದಳು. ಇಸ್ತ್ರಿಯಣ್ಣ ಕೇಳಿದ್ದು, ತಾನು ನೋಡೋಣ ಎಂದದ್ದು, ನಾಳೆ ಅವನ ಕೊನೆಯ ದಿನ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದೂ ಸೇರಿಸಿದಳು. ಚಿಕ್ಕಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ. ನನ್ನ ಮಂಡಿಯ ನೆಪ ಹೇಳಬೇಡ, ಅವನು ಕೇಳಿದಾಗ ನಿನಗೆ ನನ್ನ ಮಂಡಿ ನೆನಪಿಗೆ ಬಂದಿರಲಿಲ್ಲ, ನಿಜ ಹೇಳು ಎಂದಳು. ಕಟಿಂಗಕ್ಕ ತಡವರಿಸಿ ನಿಜ ಹೇಳಿದಳು. ನೀನೇ ಒಳಗೆ ಕೂತು ಬೇಡ ಬೇಡ ಅನ್ನುತ್ತೀಯ, ಚಿಕ್ಕಂದಿನಿಂದಲೂ ಅನ್ನುತ್ತಲೇ ಇದ್ದೀಯ, ನಿನ್ನ ದನಿಯಲ್ಲೇ ಕೇಳಿಸುತ್ತದೆ.

ಚಿಕ್ಕಮ್ಮ ಮೊದಲು ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳಿಗೆ ಸಿಟ್ಟು ಬಂತು.

"ಅದು ಏಳು ವರ್ಷದ ಮಗೂಗೆ ಹೇಳಿದ ಮಾತು ಕಣೇ. ಬಾಗ್ಲು ತೆಗೀಬೇಡ, ಒಲೆ ಮುಟ್ಬೇಡ ಅಂತ. ನಿನ್ನೊಬ್ಳನ್ನೇ ಬಿಟ್ಟು ನಾನು ಫ್ಯಾಕ್ಟರಿಗೆ ಹೋಗ್ಬೇಕಿತ್ತು, ಇನ್ನೇನ್ ಹೇಳ್ಲಿ? ಐವತ್ತು ದಾಟಿದ ಹೆಂಗಸಿಗೆ ನಾನ್ಯಾವಾಗ ಹೇಳ್ದೆ ಅದನ್ನ? ನನ್ನ ದನಿ ಇಟ್ಕೊಂಡು ನಿನಗೆ ನೀನೇ ಹೇಳ್ಕೊಳ್ತಿದ್ದೀಯ. ಹೆಸರು ಕೆಡೋದು ನಂದು."

ನಿನಗೆ ಆಗ ಭಯ ಇರಲಿಲ್ಲವೇ ಎಂದು ಕಟಿಂಗಕ್ಕ ಮೆಲ್ಲಗೆ ಕೇಳಿದಳು.

"ಭಯ ಇಲ್ದೆ? ನಿನ್ನನ್ನ ಕರ್ಕೊಂಡು ಬಂದ ದಿನ ಕೈಕಾಲೆಲ್ಲ ನಡುಗ್ತಿತ್ತು. ಒಬ್ಳೇ ಹೆಂಗಸು, ಮೇಲೊಂದು ಮಗು. ಆ ದೊಡ್ಡ ರಸ್ತೆ ದಾಟೋವಾಗ ನಿನ್ನ ಕೈ ಹೆಂಗೆ ಹಿಡೀತಿದ್ದೆ, ನೆನಪಿದ್ಯಾ?"

"ನೋಯ್ತಿತ್ತು," ಎಂದಳು ಕಟಿಂಗಕ್ಕ.

"ನೋಯ್ಲಿ. ಆದ್ರೆ ದಾಟ್ತಿದ್ವೋ ಇಲ್ವೋ? ಮಳೇಲೂ ದಾಟಿದ್ವಿ, ಜ್ವರ ಬಂದಾಗ್ಲೂ ದಾಟಿದ್ವಿ. ಅಷ್ಟು ಗಟ್ಟಿಯಾಗಿ ಕೈ ಹಿಡ್ಕೊಂಡು ಈ ಕಡೇನೇ ನಿಂತ್ಬಿಟ್ಟಿದ್ರೆ ನೀನು ಸ್ಕೂಲಿನ ಮುಖಾನೇ ನೋಡ್ತಿರ್ಲಿಲ್ಲ."

ಹೇಳಿ ಮುಗಿಸಿ ಚಿಕ್ಕಮ್ಮ ದಣಿದು ಹಿಂದಕ್ಕೆ ಒರಗಿದಳು. ಒಳಗಿನವಳ ಬಾಯಿ ಮುಚ್ಚಿಸಬೇಕೆಂದು ಇಷ್ಟು ಹೊತ್ತು ಕಟಿಂಗಕ್ಕ ಅಂದುಕೊಂಡಿದ್ದಳು. ಹಾಗಾದರೆ ಅವಳನ್ನು ಏನು ಮಾಡಲಿ ಎಂದು ಕೇಳಿದಳು. ಓಡಿಸಬೇಡ, ಎಲ್ಲಿಗೆ ಹೋದಾಳು ಪಾಪ ಎಂದಳು ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ. ಅವಳು ಹೇಳುವುದನ್ನು ಪೂರ್ತಿ ಕೇಳು, ಕೇಳಿ ನಿನಗೆ ಸರಿ ಕಂಡ ಉತ್ತರ ಹೇಳು. ದಿನ ಬೆಳಗಾದರೆ ನನಗೇ ಎದುರು ಮಾತಾಡುತ್ತೀಯ, ಅವಳ ಮುಂದೆ ಮಾತ್ರ ಯಾಕೆ ಬಾಯಿಗೆ ಬೀಗ? ಕಟಿಂಗಕ್ಕನಿಗೆ ಅಳುವಿನ ನಡುವೆಯೂ ನಗು ಬಂತು. ಎದ್ದು ಹೋಗಿ ಚಿಕ್ಕಮ್ಮನ ಮಂಡಿಗೆ ಉಳಿದ ಮುಲಾಮು ತಿಕ್ಕಿದಳು.

ಶನಿವಾರ ಮಧ್ಯಾಹ್ನ ಚಹಾದ ಹೊತ್ತಿಗೆ ಮಷೀನುಗಳು ನಿಂತವು. ಕಾಜಾದವಳು ಅವತ್ತು ಎಲ್ಲರನ್ನೂ ಕುರಿ ಹೊಡೆದಂತೆ ಹೊರಗೆ ಹೊಡೆದುಕೊಂಡು ಹೋದಳು, ಬೇಡವೆಂದವರನ್ನೂ ಬಿಡಲಿಲ್ಲ. ಇಸ್ತ್ರಿಯಣ್ಣ ಕೊನೆಯ ಕಟ್ಟು ಬಿಳಿ ಕೋಟುಗಳನ್ನು ತಿಕ್ಕುತ್ತಿದ್ದ. ಕಟಿಂಗಕ್ಕ ತನ್ನ ಮೇಜು ಬಿಟ್ಟು ಅವನ ಮೇಜಿನ ಎದುರು ಹೋಗಿ ನಿಂತಳು. ವಾಪಸ್ ಹೋಗು ಎಂದಳು ಒಳಗಿನವಳು. ಇರು, ಹೇಳಿ ಬರುತ್ತೇನೆ ಎಂದಳು ಇವಳು.

"ರೀ. ನಾನು ಬೇಡ ಅಂದಿರ್ಲಿಲ್ಲ."

ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನೋಡೋಣ ಅಂದ್ರಿ."

"ಹೂಂ. ನೋಡ್ತಾ ಇದ್ದೆ. ನಂಗೆ ನೋಡೋಕೆ ಹೊತ್ತು ಹಿಡಿಯತ್ತೆ."

ಅವನು ನಗುತ್ತಾನೆಂದು ಅವಳು ಅಂದುಕೊಂಡಿದ್ದಳು. ಅವನು ನಗಲಿಲ್ಲ. ಅವನ ಮುಖದ ಮೇಲೆ ಬಂದದ್ದು ಆಯಾಸ. ಸ್ಟೂಲು ಎಳೆದುಕೊಂಡು ಕೂತು, ಮೊದಲೇ ಹೇಳಿದ್ದರೆ ಇಲ್ಲೇ ಇರುತ್ತಿದ್ದೆನಲ್ಲ ಎಂದ. ತಮ್ಮ ತನ್ನನ್ನು ನಂಬಿ ಲಾಂಡ್ರಿಯ ದೊಡ್ಡ ಆರ್ಡರುಗಳನ್ನು ಒಪ್ಪಿಕೊಂಡಿದ್ದಾನೆ, ಕೊಟ್ಟ ಮಾತಿಗೆ ತಪ್ಪಿ ಅವನನ್ನು ನಡುನೀರಿನಲ್ಲಿ ಕೈಬಿಡಲಾಗದು. ಇಲ್ಲಿಯ ಕೆಲಸಕ್ಕೂ ಬೇರೆಯವನನ್ನು ಗೊತ್ತು ಮಾಡಿಯಾಯಿತು, ಕೋಣೆಯ ಕೀಲಿಯನ್ನೂ ಒಪ್ಪಿಸಿಯಾಯಿತು. ತಿಂಗಳುಗಳ ಹಿಂದೆ ಹೂಂ ಎಂದಿದ್ದರೆ ಕಟಿಂಗಕ್ಕ ತನ್ನ ಮೇಜು, ತನ್ನ ಬೀದಿ, ತನ್ನ ಊರು ಯಾವುದನ್ನೂ ಬಿಡಬೇಕಾಗಿರಲಿಲ್ಲ. ಈಗ ಅದೇ ಹೂಂ ಎನ್ನಲು ಎಲ್ಲವನ್ನೂ ಬಿಟ್ಟು ಕಂಡರಿಯದ ಊರಿಗೆ ಹೋಗಬೇಕು. ಹೆದರಿಕೊಂಡು ಕೂತದ್ದಕ್ಕೆ ಅವಳು ತೆರಬೇಕಾದ ದಂಡ ಅದು, ಬೇರೆ ಯಾರನ್ನೂ ದೂರುವಂತಿರಲಿಲ್ಲ. ಕೇಳಿಸಿಕೊಂಡು ನಿಂತವಳು ಮೇಜಿನ ಅಂಚು ಹಿಡಿದುಕೊಂಡಳು.

ನೋಡಿದ್ಯಾ, ನಡೀ ಎಂದಳು ಒಳಗಿನವಳು. ಅವಳಿಗೆ ಏನೇನು ಕೇಳಬೇಕಾಗಿದೆಯೋ ಕೇಳಲಿ ಎಂದುಕೊಂಡು ಕಟಿಂಗಕ್ಕ ಅಲ್ಲೇ ನಿಂತಳು. ನಿಂತು, ಇಷ್ಟು ದಿನ ಕದ್ದು ನೋಡಿದ್ದನ್ನೆಲ್ಲ ಬಾಯಿಬಿಟ್ಟು ಕೇಳತೊಡಗಿದಳು. ಅಲ್ಲಿ ಮನೆ ಎಲ್ಲಿದೆ, ತಮ್ಮನ ಹೆಂಡತಿ ಏನನ್ನುತ್ತಾಳೆ, ನಿಮ್ಮ ಕೆಮ್ಮಿಗೆ ಡಾಕ್ಟರು ಏನು ಹೇಳಿದರು, ಅಲ್ಲಿ ನನಗೆ ಕತ್ತರಿ ಹಿಡಿಯುವ ಕೆಲಸ ಸಿಗುತ್ತದೆಯೇ. ಮನೆ ಲಾಂಡ್ರಿಯ ಹಿಂದೆಯೇ, ಮೂರು ಕೋಣೆ. ತಮ್ಮನ ಹೆಂಡತಿಗೆ ನಾಲಿಗೆ ಚುರುಕು, ಮನಸ್ಸು ಒಳ್ಳೆಯದು. ಕೆಮ್ಮು ಹಬೆಯಿಂದ ಬಂದದ್ದು. ಕೆಲಸದ ವಿಷಯ ಗೊತ್ತಿಲ್ಲ, ವಿಚಾರಿಸಬೇಕು. ಗೊತ್ತಿಲ್ಲ ಎಂದು ಅವನು ನೇರವಾಗಿ ಹೇಳಿದ್ದು ಅವಳಿಗೆ ಹಿಡಿಸಿತು. ಕೊನೆಗೆ, ಯಾವುದಕ್ಕಾಗಿ ಇಷ್ಟು ತಿಂಗಳು ನೋಡಿದ್ದಳೋ ಅದನ್ನು ಕೇಳಿದಳು.

"ಸಿಟ್ಟು ಬಂದ್ರೆ ಏನ್ಮಾಡ್ತೀರಿ?"

ಅವನು ಯೋಚಿಸಿದ. "ಹೊರಗೆ ಹೋಗಿ ಒಂದು ಸುತ್ತು ನಡ್ಕೊಂಡು ಬರ್ತೀನಿ. ಹೋಗೋವಾಗ ಬಾಗ್ಲು ಧಡಾರ್ ಅಂತ ಹಾಕ್ತೀನಿ. ಅದೊಂದು ಕೆಟ್ಟ ಅಭ್ಯಾಸ."

ಒಳಗಿನವಳು ಚೀರಿದಳು. ಕಟಿಂಗಕ್ಕ ಅವಳ ಚೀರಾಟವನ್ನು ಕೊನೆಯವರೆಗೂ ಕೇಳಿಸಿಕೊಂಡಳು. ಅದರಲ್ಲಿ ಬೇಡದ್ದು ಬಹಳ ಇತ್ತು, ಬೇಕಾದದ್ದು ಒಂದೇ ಒಂದಿತ್ತು. ಆ ಒಂದನ್ನು ಹೆಕ್ಕಿ ಅವನ ಮುಂದಿಟ್ಟಳು.

"ಬಾಗ್ಲು ಹಂಗೆ ಹಾಕ್ಬಾರ್ದು. ನಡ್ಕೊಂಡು ಬನ್ನಿ, ಎಷ್ಟು ಬೇಕಾದ್ರೂ ನಡೀರಿ. ಬಾಗ್ಲಿನ ಸದ್ದು ಮಾತ್ರ ನಂಗೆ ಆಗಲ್ಲ."

ಯಾಕೆ ಎಂದು ಅವನು ಕೇಳಲಿಲ್ಲ. ಅವಳ ಕೈ ಮೇಜಿನ ಅಂಚನ್ನು ಹಿಡಿದಿದ್ದ ರೀತಿ ನೋಡಿದ. ಸರಿ, ಹಾಕಲ್ಲ ಎಂದ.

ಆಗ ಅವಳು ತನ್ನ ತೀರ್ಮಾನ ಹೇಳಿದಳು. ಅವನು ಇವತ್ತು ಹೋಗಲಿ, ತಮ್ಮನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿ. ಮುಂದಿನ ತಿಂಗಳು ತಾನು ಬಂದು ಮನೆ, ಬೀದಿ, ಲಾಂಡ್ರಿ ಎಲ್ಲ ನೋಡುತ್ತೇನೆ. ಅಲ್ಲಿ ಒಂದು ಕೆಲಸ ಗೊತ್ತಾಗುವವರೆಗೆ ಇಲ್ಲಿಯ ಮೇಜು ಬಿಡುವುದಿಲ್ಲ. ನೋಡುತ್ತೇನೆ ಅಂದದ್ದಕ್ಕೆ ಮತ್ತೆ ತಪ್ಪು ತಿಳಿಯಬೇಡಿ, ಇದು ಹೂಂ, ಬರುವುದಂತೂ ಖಂಡಿತ ಎಂದಳು.

"ಇನ್ನೊಂದು ಮಾತು. ನನ್ನ ಜೊತೆ ಚಿಕ್ಕಮ್ಮನೂ ಬರ್ತಾಳೆ. ಅವಳನ್ನ ಬಿಟ್ಟು ಬರೋಕಾಗಲ್ಲ. ತುಂಬಾ ಹೆದ್ರುತ್ತಾಳೆ, ಎಲ್ಲದಕ್ಕೂ ಬೇಡ ಅಂತಾಳೆ, ನಿಮಗೆ ಬೇಜಾರಾಗ್ಬಹುದು."

ಅವಳು ಹೇಳುತ್ತಿರುವುದು ಯಾವ ಚಿಕ್ಕಮ್ಮನ ವಿಷಯ ಎಂದು ಅವನು ಕೇಳುವ ಗೋಜಿಗೇ ಹೋಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಕಿಟಕಿಯವಳೊಬ್ಬಳೇ.

"ಬರ್ಲಿ. ಮೂರು ಕೋಣೆ ಇದ್ಯಲ್ಲ. ಬೇಡ ಅನ್ನೋರು ಒಬ್ರು ಮನೇಲಿರ್ಬೇಕು. ನಂಗೂ ಹೇಳೋರಿಲ್ದೆ ಬಹಳ ದಿನ ಆಯ್ತು."

ಕಟಿಂಗಕ್ಕ ತಿದ್ದಲು ಹೋಗಿ ಸುಮ್ಮನಾದಳು. ಹೊರಗಿನಿಂದ ಹೆಂಗಸರ ಮಾತು ಹತ್ತಿರವಾಗುತ್ತಿತ್ತು. ಅವನು ಎದ್ದು ಅರ್ಧಕ್ಕೆ ಬಿಟ್ಟಿದ್ದ ಕೋಟನ್ನು ಮತ್ತೆ ಹರಡಿ ನೀರು ಚಿಮುಕಿಸಿದ. ಒಂದೊಂದೇ ಮಷೀನು ಸದ್ದು ಮಾಡತೊಡಗಿತು.

ಅವಳು ತನ್ನ ಮೇಜಿಗೆ ಬಂದು, ಗೆರೆ ಎಳೆದಿಟ್ಟಿದ್ದ ಬಟ್ಟೆಯ ಮೇಲೆ ಕತ್ತರಿ ಎತ್ತಿದಳು. ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಕತ್ತರಿ ಹಿಡೀಬೇಡ ಎಂದಳು ಒಳಗಿನವಳು. ಸರಿಯಾದ ಮಾತು. ಕಟಿಂಗಕ್ಕ ಕತ್ತರಿಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಊರಿಕೊಂಡು ನಿಂತು, ನಡುಕ ಇಳಿಯುವವರೆಗೆ ಕಾದಳು. ಆಮೇಲೆ ಕತ್ತರಿಸಿದಳು.